ಬೈಸಿಕಲ್ಲಿನ ಜೀರ್ಣೋದ್ಧಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯನ್ನೋ ಅಟ್ಟವನ್ನೋ ಹುಡುಕಿದರೆ ಒಂದು ಕರಿಯ ಬೈಸಿಕಲ್ಲು ಸಿಕ್ಕುವ ಸಂಭವವುಂಟು. ಒಂದು ಕಾಲಕ್ಕೆ ಅದೇ ಮನೆಯ ಯಜಮಾನನ ವಾಹನವಾಗಿದ್ದಿತು. ಮೇಷ್ಟ್ರು ಶಾಲೆಗೆ ಹೋದದ್ದು ಅದರ ಮೇಲೆ. ಹಾಲಿನ ಕ್ಯಾನು ಡೈರಿಗೆ ಹೋದದ್ದು, ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಉರಿ ಕಾಯುವವನಿಗೆ ಬುತ್ತಿ ಹೋದದ್ದು ಅದರ ಮೇಲೆ. ಮೋಟಾರು ಸೈಕಲ್ಲು ಬಂದ ಮೇಲೆ ಅದು ಮೂಲೆ ಸೇರಿತು. ಈಚೆಗೆ ಕೆಲವು ಮನೆಗಳಲ್ಲಿ ನಿವೃತ್ತರೂ ಉದ್ಯೋಗಸ್ಥರಾದ ಯುವಕರೂ ಭಾನುವಾರಗಳಂದು ಅದನ್ನು ಅಂಗಳಕ್ಕೆ ಎಳೆದು, ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದುದನ್ನು ಬದಲಿಸಿ ಮರಳಿ ಓಡಿಸುವ ಹವ್ಯಾಸವನ್ನು ಹಿಡಿದಿದ್ದಾರೆ.

ಗಾಲಿ ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. 19ನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿದ್ದಾಗ ಅಲ್ಲಿ ಚರ್ಮ ಹದಮಾಡುವ, ಕಂಬಳಿ ನೇಯುವ, ಮರಗೆಲಸದ ಸರ್ಕಾರಿ ಕಾರ್ಖಾನೆಗಳಿದ್ದುವು. ಇಲಾಖೆ ಎತ್ತಿಹೋದ ಮೇಲೆಯೂ ಕಲಿತವರ ಕೈಯಲ್ಲಿ ಕೆಲಸ ಉಳಿಯಿತು. ಹುಣಸೂರಿನ ಗಾಡಿಗೂ ಚರ್ಮದ ಸಾಮಾನಿಗೂ ಬಹುಕಾಲ ಹೆಸರಿದ್ದಿತು. ಆದರೆ ಗಾಡಿಯ ಗಾಲಿಯನ್ನು ಕಟ್ಟುವವನು ಮರದ ಭಾರವನ್ನು ನಂಬುತ್ತಾನೆ, ಬೈಸಿಕಲ್ಲಿನ ಗಾಲಿಯನ್ನು ಕಟ್ಟುವವನು ಎಳೆತವನ್ನು ನಂಬುತ್ತಾನೆ. ಹಿಂದಿನ ಗಾಲಿಗೆ 40 ಕಡ್ಡಿ, ಮುಂದಿನದಕ್ಕೆ 32. ಬಲಗಡೆಯ ಕಡ್ಡಿಯೊಂದನ್ನು ಅರೆಸುತ್ತು ಬಿಗಿದರೆ ರಿಮ್ಮು ಕೂದಲೆಳೆಯಷ್ಟು ಬಲಕ್ಕೆ ವಾಲುತ್ತದೆ. ಅದನ್ನು ಸರಿಪಡಿಸಲು ಎಡಗಡೆಯದನ್ನು ಮುಟ್ಟಿದರೆ ಮತ್ತೊಂದೆಡೆ ಉಬ್ಬುತ್ತದೆ. ಎಡ ಪೆಡಲಿನ ತಿರುಪು ಮಾತ್ರ ಲೋಕದ ಇತರ ತಿರುಪುಗಳಿಗೆ ವಿಲೋಮವಾದದ್ದೆಂಬುದನ್ನು ಹೊಸಬರು ಸಾಮಾನ್ಯವಾಗಿ ಬೆರಳು ತರಚಿಕೊಂಡು ಕಲಿಯುತ್ತಾರೆ. ತಾಳ್ಮೆಯನ್ನು ಬೋಧಿಸುವ ಗ್ರಂಥಗಳು ಅನೇಕವಿರಬಹುದು. ಬೆಂಡಾದ ರಿಮ್ಮಿನಷ್ಟು ನಿಷ್ಠುರವಾಗಿ ಬೋಧಿಸುವ ಗ್ರಂಥವು ಅಪರೂಪ.

ಇದರಲ್ಲಿ ತತ್ತ್ವವಿಚಾರಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ದೃಷ್ಟಾಂತಕ್ಕಾಗಿ ಪಿರಿಯಾಪಟ್ಟಣದ ಕಡೆಯ ಒಂದು ಮನೆಯನ್ನು ಎದುರಿಗಿಟ್ಟುಕೊಂಡರೆ ಪ್ರಶ್ನೆಯು ಸ್ಪಷ್ಟವಾದೀತು. ಆ ಮನೆಯ ಹಿರಿಯರು ಹಳ್ಳಿಯ ಶಾಲೆಯ ಉಪಾಧ್ಯಾಯರು. 1968ರಲ್ಲಿ ಅವರು ಮದರಾಸಿನ ಹತ್ತಿರದ ಅಂಬತ್ತೂರಿನಲ್ಲಿ ತಯಾರಾದ ಹರ್ಕ್ಯುಲಿಸ್ ಬೈಸಿಕಲ್ಲೊಂದನ್ನು ಕೊಂಡರು. ಹಿರಿಯ ಮಗನಿಗೆ ಆರು ವರ್ಷವಾಗಿದ್ದಾಗ ವಿಷಮಜ್ವರ ಬಂದು, ಮಳೆಯ ರಾತ್ರಿಯಲ್ಲಿ ತಂದೆಯು ಅವನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ತುಳಿದರು. ಹುಡುಗನು ದಾರಿಯುದ್ದಕ್ಕೂ ಚರ್ಮದ ಸೀಟಿನ ಕೆಳಗಣ ಎರಡು ಸ್ಪ್ರಿಂಗುಗಳನ್ನು ಹಿಡಿದು ಕುಳಿತಿದ್ದನು. ತಂದೆಯು ಕಾಲವಾಗಿ ಎಷ್ಟೋ ವರ್ಷಗಳಾದುವು. ಹಿರಿಯನು ಮೈಸೂರಿನಲ್ಲಿ ನೆಲಸಿದನು, ಕಿರಿಯನು ಊರಿನಲ್ಲಿಯೇ ಉಳಿದನು. ಬೈಸಿಕಲ್ಲು ಪಾಲಿಗೆ ಬರಲಿಲ್ಲ. ಅಷ್ಟು ಅಲ್ಪವಾದುದನ್ನು ಪಾಲುಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಕಿರಿಯನಿಗೆ ಕೈಗೆಲಸದ ಹವ್ಯಾಸವುಂಟು. ಕಾಲೇಜಿಗೆ ಹೋಗುವ ಮಗಳಿಗಾಗಿ ಅವನು ಒಂದು ಬೇಸಗೆಯೆಲ್ಲ ಕುಳಿತು ಆ ಬೈಸಿಕಲ್ಲನ್ನು ಸಿದ್ಧಪಡಿಸಿದನು. ತುಕ್ಕು ತಿಂದ ರಿಮ್ಮುಗಳು, ಕಡ್ಡಿಗಳು, ಚೈನು, ಫ್ರೀವೀಲು, ಹ್ಯಾಂಡಲ್ಲು, ಬ್ರೇಕಿನ ಸರಳುಗಳು, ಒಡೆದ ಚರ್ಮದ ಸೀಟು ಇಷ್ಟನ್ನೂ ತೆಗೆದು ಹೊಸದನ್ನು ಹಾಕಿದನು. ತೆಗೆದುದನ್ನು ಗುಜರಿಯವನು ತೂಕಕ್ಕೆ ಕೊಂಡೊಯ್ದನು. ಹೆಣ್ಣುಮಗುವಿಗೆ ಹತ್ತಲು ಅನುಕೂಲವಾಗಲೆಂದು ಫ್ರೇಮಿನ ಮೇಲಣ ಅಡ್ಡಬಾರನ್ನು ಗರಗಸದಿಂದ ಕೊಯ್ದು ತೆಗೆಯಬೇಕೆಂದಿದ್ದಾಗ ಅಣ್ಣನು ಹಬ್ಬಕ್ಕೆ ಬಂದನು.

ಅಣ್ಣನು ಬಹಳ ಹೊತ್ತು ನೋಡಿ, "ಇದು ಅಪ್ಪನ ಸೈಕಲ್ಲಲ್ಲ ಕಣೋ. ಅಪ್ಪನ ಹೆಸರು ಇಟ್ಟುಕೊಂಡ ಬೇರೆ ಯಾವುದೋ ಸೈಕಲ್ಲು" ಎಂದನು.

"ಹಾಗನ್ನಬೇಡ ಅಣ್ಣಯ್ಯ. ಮೂಲೆಯಲ್ಲಿ ತುಕ್ಕು ಹಿಡೀತಾ ಇದ್ದಾಗ ಅಪ್ಪನದಾಗಿತ್ತು, ಓಡೋದಕ್ಕೆ ಶುರುವಾದ ಮೇಲೆ ಅಲ್ಲ ಅಂದರೆ ಹೇಗೆ?"

ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಇದು ಶಾಸ್ತ್ರಕಾರರನ್ನು ಎರಡು ಸಾವಿರ ವರ್ಷ ಕಾಡಿದ ಪ್ರಶ್ನೆ. ಮಿಲಿಂದರಾಜನು ರಥದಲ್ಲಿ ಬಂದೆನೆಂದಾಗ ನಾಗಸೇನನು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳಿ, ರಥವೆಂಬುದು ಇವೆಲ್ಲ ಕೂಡಿದಾಗ ಇಟ್ಟ ಹೆಸರು ಮಾತ್ರವೆಂದು ತೋರಿಸಿದನು. ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿಯೊಂದು ನಿಜವಾಗಿ ಉಂಟೆಂಬುದು ಅವರ ಮತ. ಆದರೆ ಆ ಮತಕ್ಕೆ ಅವರು ತೆತ್ತ ಬೆಲೆ ದೊಡ್ಡದು: ವಸ್ತ್ರದಿಂದ ಒಂದು ನೂಲನ್ನು ಎಳೆದರೂ ಹಳೆಯ ಪಟವು ನಾಶವಾಗಿ ಖಂಡಪಟವೆಂಬ ಹೊಸದು ಹುಟ್ಟಿತೆಂದು ಒಪ್ಪಬೇಕಾಯಿತು. ಆ ಲೆಕ್ಕದಲ್ಲಿ ಉಪಾಧ್ಯಾಯರು ಮೊದಲ ಸಲ ಟೈರು ಬದಲಿಸಿದ ದಿನವೇ ಅಂಬತ್ತೂರಿನ ಬೈಸಿಕಲ್ಲು ತೀರಿಹೋಗಿತ್ತು. ಅದೇ ಇದು ಎಂಬ ಪ್ರತ್ಯಭಿಜ್ಞೆಯು ಉರಿಯುವ ದೀಪದಲ್ಲಿ ಅದೇ ಜ್ವಾಲೆಯನ್ನು ಕಂಡಂತೆ ಸಾದೃಶ್ಯದಿಂದಾದ ಭ್ರಾಂತಿಯೆನ್ನಬೇಕಾದೀತು. ಗ್ರೀಸಿನವರಿಗೂ ಈ ತೊಡಕು ತಿಳಿದಿತ್ತು. ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೆ ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ವಾದಿಸುತ್ತಿದ್ದರೆಂದು ಪ್ಲುಟಾರ್ಕನು ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸನು ಇನ್ನೊಂದು ಮುಳ್ಳನ್ನು ಸೇರಿಸಿದನು: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಎರಡನೆಯ ಹಡಗನ್ನು ಕಟ್ಟಿದರೆ, ಯಾವುದು ಥೀಸಿಯಸನದು?

ಆದರೆ ಈ ಮನೆಯ ಜಗಲಿಯ ಮೇಲೆ ಕುಳಿತು ನೋಡುವವನಿಗೆ ಇವರೆಲ್ಲರಿಗಿಂತ ಹತ್ತಿರವಾಗುವವರು ಸಮಂತಭದ್ರಾಚಾರ್ಯರು. ಆಪ್ತಮೀಮಾಂಸೆಯಲ್ಲಿ ಅವರು ಕೊಟ್ಟ ದೃಷ್ಟಾಂತವು ಪ್ರಸಿದ್ಧವಾದದ್ದು. ಚಿನ್ನದ ಕಲಶವನ್ನು ಮುರಿದು ಕಿರೀಟವನ್ನು ಮಾಡಿದಾಗ ಕಲಶವನ್ನು ಬಯಸಿದವನಿಗೆ ಶೋಕ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನು ಮಾತ್ರ ಬಯಸಿದವನಿಗೆ ಎರಡೂ ಇಲ್ಲ. ಮೂವರಿಗೂ ಕಾರಣವುಂಟು, ಏಕೆಂದರೆ ವಸ್ತುವಿನಲ್ಲಿ ಹುಟ್ಟು, ಅಳಿವು, ಸ್ಥಿತಿ ಮೂರೂ ನಿಜವಾಗಿ ಉಂಟು. ಆ ಹಬ್ಬದ ದಿನ ಅಣ್ಣನು ಕಲಶಾರ್ಥಿ, ತಮ್ಮನು ಕಿರೀಟಾರ್ಥಿ. ತಕ್ಕಡಿ ಹಿಡಿದು ಬಂದ ಗುಜರಿಯವನು ಕೇವಲ ಲೋಹಾರ್ಥಿ. ಆ ಮೂವರಲ್ಲಿ ಸಮಚಿತ್ತನಾಗಿದ್ದವನು ಅವನೊಬ್ಬನೇ.

ಆಚಾರ್ಯರ ದೃಷ್ಟಾಂತವು ಶೋಕಕ್ಕೂ ಹರ್ಷಕ್ಕೂ ಕಾರಣವನ್ನು ತೋರಿಸುತ್ತದೆ. ಕಲಶವನ್ನು ಮುರಿಯಬಹುದೆ ಎಂಬ ಧರ್ಮದ ಪ್ರಶ್ನೆಯು ಬೇರೆ. ಅದಕ್ಕೆ ಬೈಸಿಕಲ್ಲಿನ ರಚನೆಯನ್ನೇ ತುಸು ವಿಚಾರಿಸಬೇಕು. ಈ ಯಂತ್ರದ ಎಲ್ಲ ಅಂಗಗಳೂ ಒಂದೇ ದರ್ಜೆಯವಲ್ಲ. ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನು ಮೆದು ಕಬ್ಬಿಣದ್ದು. ಅಚ್ಚು ಕೆಡದಿರಲೆಂದು ತಾನು ಕೆಡುವುದೇ ಅದರ ಕೆಲಸ. ಟೈರು, ಬ್ರೇಕಿನ ರಬ್ಬರು, ಹಬ್ಬಿನೊಳಗಿನ ಬಾಲುಗಳು, ಚೈನು ಇವೆಲ್ಲ ಸವೆಯುವುದಕ್ಕಾಗಿಯೇ ಹುಟ್ಟಿದುವು. ಇವುಗಳ ಅಳತೆಗಳನ್ನು ನಿಯತವಾಗಿಟ್ಟ ಕಾರಣವೇ ನಾಳೆ ಬೇರೊಂದು ಬಂದು ಅದೇ ಜಾಗದಲ್ಲಿ ಕೂರಬೇಕೆಂಬುದು. ಅಂಗಡಿಯಿಂದ ಹೊಸದಾಗಿ ಬಂದ ದಿನವೇ ಬೈಸಿಕಲ್ಲು ತನ್ನ ಬದಲಿ ಅಂಗಗಳಿಗೆ ಎಡೆ ಮಾಡಿಟ್ಟಿರುತ್ತದೆ. ಆದುದರಿಂದ ಸವೆದುದನ್ನು ಬದಲಿಸಿದವನು ಮಾಡಿದವನ ಇಚ್ಛೆಯನ್ನು ಮೀರಿದವನಲ್ಲ, ನೆರವೇರಿಸಿದವನು. ಫ್ರೇಮಿನ ಮಾತು ಬೇರೆ. ಅದರ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆದು ಒಂದಾಗಿಸಿದ್ದಾರೆ, ತಿರುಪಿಲ್ಲ, ಬಿಚ್ಚುವಂತಿಲ್ಲ. ಅಡ್ಡಬಾರನ್ನು ಕೊಯ್ದರೆ ಆ ಚೌಕಟ್ಟಿನ ಬಲವೇ ಹೋಗುತ್ತದೆ, ಹೋದದ್ದು ಮರಳುವುದಿಲ್ಲ.

ಈ ಹವ್ಯಾಸದಲ್ಲಿ ಧರ್ಮಾಧರ್ಮದ ಗೆರೆಯು ಹಳತು ಹೊಸತುಗಳ ನಡುವೆ ಇರದೆ, ಸ್ಪ್ಯಾನರಿಗೂ ಗರಗಸಕ್ಕೂ ನಡುವೆ ಇರುವಂತೆ ತೋರುತ್ತದೆ. ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ ಆರ್ಚರ್ ಸಂಸ್ಥೆಯ ಮೂರು ವೇಗದ ಹಬ್ಬನ್ನು ಹಳೆಯ ಫ್ರೇಮಿಗೆ ಏರಿಸಿದವನು ಬೇಡವಾದರೆ ನಾಳೆ ಇಳಿಸಬಹುದು. ಹತ್ತಾರು ಗೇರುಗಳ ಆಸೆಗೆ ಹಿಂದಿನ ಫೋರ್ಕನ್ನು ಬಲವಂತವಾಗಿ ಅಗಲಿಸಿದವನೂ, ಚಿನ್ನದ ಗೀರುಗಳಿದ್ದ ಮೂಲದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದವನೂ ತಮ್ಮ ಅನಂತರ ಬರುವವರ ಆಯ್ಕೆಯನ್ನು ಕಸಿದುಕೊಂಡಂತಾಯಿತು. ಬಡವನ ಮನೆಯ ಹಳೆಯ ಬೈಸಿಕಲ್ಲನ್ನು ಗುಜರಿಯ ಬೆಲೆಗೆ ಕೊಂಡು, ಹೊಸ ಅಚ್ಚಿನ ಚೀಟಿ ಅಂಟಿಸಿ, ಮೂಲದ್ದೇ ಎಂದು ನಗರದಲ್ಲಿ ಮಾರುವವರ ಮಾತನ್ನು ಇಲ್ಲಿ ಎತ್ತಬೇಕಾಗಿಲ್ಲ. ಅದಕ್ಕೆ ತತ್ತ್ವಶಾಸ್ತ್ರ ಬೇಡ, ಸುಳ್ಳೆಂಬ ಹೆಸರು ಸಾಕು.

ಹಾಗಾದರೆ ಅಂಗಗಳು ಹೋದ ಮೇಲೆ ಉಳಿಯುವುದು ಯಾವುದು? ಕಾವೇರಿಯ ದಡದ ಜನಕ್ಕೆ ಇದು ಅಪರಿಚಿತವಾದ ಸಂಗತಿಯಲ್ಲ. ಯಡತೊರೆಯು ಹೊಳೆಯ ಪ್ರವಾಹಕ್ಕೆ ಸಿಕ್ಕಿ ಸಿಕ್ಕಿ ಬೇಸತ್ತು, ಎತ್ತರದಲ್ಲಿ ಹೊಸ ಊರು ಕಟ್ಟಿ ಕೃಷ್ಣರಾಜನಗರವೆಂಬ ಹೆಸರು ಪಡೆಯಿತು; ಬೀದಿ ಬೇರೆ, ಹೆಸರು ಬೇರೆ, ಆದರೂ ಮಂದಿ ಊರು ಬಿಟ್ಟೆವೆನ್ನಲಿಲ್ಲ. ಅದೇ ಹೊಳೆಯ ಕೆಳಗೆ, ಕನ್ನಂಬಾಡಿಯಲ್ಲಿ, 1911ರಲ್ಲಿ ಆರಂಭವಾದ ಅಣೆಕಟ್ಟಿನ ನೀರಿನಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವು ಮುಳುಗಿತು. ನೀರು ಇಳಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿದ್ದ ಆ ಗುಡಿಯನ್ನು ಈ ಶತಮಾನದಲ್ಲಿ ಕಲ್ಲುಕಲ್ಲಿಗೂ ಗುರುತಿಟ್ಟು ಬಿಚ್ಚಿ, ಹಿನ್ನೀರಿನ ದಡದ ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಜೀರ್ಣೋದ್ಧಾರದ ಕ್ರಮದಲ್ಲಿ ಬಾಲಾಲಯವೆಂಬುದೊಂದುಂಟು. ಗರ್ಭಗುಡಿಯ ಕೆಲಸ ಮುಗಿಯುವವರೆಗೆ ದೇವರನ್ನು ಚಿಕ್ಕದೊಂದು ಎಡೆಗೆ ಬಿಜಯಮಾಡಿಸಿ, ಪೂಜೆಯನ್ನು ಒಂದು ದಿನವೂ ನಿಲ್ಲಿಸದೆ ನಡೆಸುತ್ತಾರೆ. ಕಲ್ಲು ಬದಲಾದರೂ ದೇವಸ್ಥಾನವು ಅದೇ ಎನ್ನುವುದಕ್ಕೆ ಆಧಾರವು ಆ ನಿಲ್ಲದ ಪೂಜೆ. ಮೂಲೆಯಲ್ಲಿ ನಿಂತ ಬೈಸಿಕಲ್ಲಿನ ಪೂಜೆಯು ನಿಂತುಹೋಗಿತ್ತು. ಮಗಳು ಅದನ್ನು ತುಳಿದು ಕಾಲೇಜಿಗೆ ಹೊರಟಾಗ ಮರಳಿ ಆರಂಭವಾಯಿತು. ಮಕ್ಕಳನ್ನು ಶಾಲೆಗೆ ಸೇರಿಸುವುದರಲ್ಲಿ ಆಯುಷ್ಯ ಸವೆಸಿದ ತಂದೆಯ ಬೈಸಿಕಲ್ಲು ಬೇರೆ ಏನು ಕೆಲಸವನ್ನು ಮಾಡಬೇಕಾಗಿತ್ತು? ಇಷ್ಟರ ಮಟ್ಟಿಗೆ ತಮ್ಮನ ಪಕ್ಷವೇ ಬಲವಾದದ್ದು.

ಆದರೆ ಅದೇ ಜೀರ್ಣೋದ್ಧಾರದ ವಿಧಿಯು ತಮ್ಮನನ್ನೂ ಒಂದು ಮಾತು ಕೇಳುತ್ತದೆ. ಭಿನ್ನವಾದ ಬಿಂಬವನ್ನು ತೆಗೆದವರು ಅದನ್ನು ತಿಪ್ಪೆಗೆ ಎಸೆಯುವುದಿಲ್ಲ. ವಿಧಿಪೂರ್ವಕವಾಗಿ ನೀರಿನಲ್ಲಿ ಬಿಡುತ್ತಾರೆ. ಕೆಲಸಕ್ಕೆ ಬಾರದ್ದಕ್ಕೂ ಸಲ್ಲತಕ್ಕ ಮರ್ಯಾದೆಯೊಂದುಂಟು. ಸೀಟು ಒಡೆದಿತ್ತು, ಬದಲಿಸಿದ್ದು ಯುಕ್ತ. ಅದನ್ನು ತಕ್ಕಡಿಗೆ ಹಾಕುವ ಮುನ್ನ ಅಣ್ಣನನ್ನು ಒಂದು ಮಾತು ಕೇಳಲಿಲ್ಲವೆಂಬುದು ತಪ್ಪು. ಆ ಸ್ಪ್ರಿಂಗುಗಳಲ್ಲಿ ಅಣ್ಣನ ಮಳೆಯ ರಾತ್ರಿಯಿದ್ದಿತೆಂಬುದು ತಮ್ಮನಿಗೆ ತಿಳಿಯದು. ಅವನು ಆಗ ತೊಟ್ಟಿಲಿನಲ್ಲಿದ್ದನು. ತಿಳಿಯದೆ ಮಾಡಿದ್ದೆಂಬುದರಿಂದ ತಪ್ಪು ಹಗುರವಾದೀತು, ಇಲ್ಲವಾಗದು. ಪಿತ್ರಾರ್ಜಿತವಾದ ಒಂದು ವಸ್ತುವಿನಲ್ಲಿ ಯಾರ ನೆನಪು ಎಲ್ಲಿ ಅಂಟಿಕೊಂಡಿದೆಯೆಂಬುದನ್ನು ಒಬ್ಬನೇ ಬಲ್ಲವನಿಲ್ಲವಾದ್ದರಿಂದಲೇ ಮರಳಿಸಲಾಗದ ಕೆಲಸಕ್ಕೆ ಮುಂಚೆ ಕೇಳುವುದು ಧರ್ಮವಾಗುತ್ತದೆ. ಅಣ್ಣನಲ್ಲಿಯೂ ಲೋಪವಿಲ್ಲದಿಲ್ಲ. ವರ್ಷಾನುವರ್ಷ ಹಬ್ಬಕ್ಕೆ ಬಂದವನು ಒಮ್ಮೆಯಾದರೂ ಕೊಟ್ಟಿಗೆಗೆ ಹೋಗಿ ಆ ಸೀಟಿಗೆ ಎಣ್ಣೆ ಹಚ್ಚಿದ್ದರೆ ಅದು ಒಡೆಯುತ್ತಿರಲಿಲ್ಲ. ಚರ್ಮಕ್ಕೆ ಎಣ್ಣೆ ಬೇಕು, ನೆನಪು ಸಾಲದು.

ಅಡ್ಡಬಾರಿನ ವಿಚಾರವನ್ನು ಮಗಳೇ ತೀರಿಸಿದಳು. "ಬಾರು ಇರಲಿ ದೊಡ್ಡಪ್ಪ, ಸೀಟು ತಗ್ಗಿಸಿದರೆ ಸಾಕು. ಹತ್ತೋದು ಕಲಿತುಕೊಂಡಿದೀನಿ" ಎಂದಳು. ಗರಗಸವು ಗೋಡೆಯ ಮೊಳೆಗೆ ಮರಳಿತು.

ಹಾಬ್ಸನ ಎರಡನೆಯ ಹಡಗು ಮಾತ್ರ ಉಳಿಯಿತು. ಕೆಲವು ತಿಂಗಳುಗಳ ಮೇಲೆ ಅಣ್ಣನು ಊರಿಗೆ ಬಂದಿದ್ದಾಗ ಸಂತೆಯ ಬೀದಿಯಲ್ಲಿ ಒಂದು ಬೈಸಿಕಲ್ಲು ನಿಂತಿದ್ದಿತು. ಫ್ರೇಮು ಯಾವುದೋ, ಗಾಲಿಗಳು ಯಾವುವೋ. ಸೀಟು ಮಾತ್ರ ಅದು. ಒಡೆದ ಚರ್ಮಕ್ಕೆ ಯಾರೋ ಅಡಿಯಿಂದ ಟೈರಿನ ತುಂಡು ಕೊಟ್ಟು ಹೊಲಿದಿದ್ದರು. ಎಡಗಡೆಯ ಸ್ಪ್ರಿಂಗಿಗೆ ತಂದೆಯು ಸುತ್ತಿದ್ದ ತಾಮ್ರದ ತಂತಿಯು ಹಾಗೆಯೇ ಇದ್ದಿತು. ಅಣ್ಣನು ಅದನ್ನು ಮುಟ್ಟಿ ನೋಡುತ್ತಿರುವಾಗ ಬೈಸಿಕಲ್ಲಿನವನು ಬಂದನು. ಹೊಗೆಸೊಪ್ಪು ಮುರಿಯಲು ಹೋಗುವ ಕೂಲಿಯವನು, ಕೈಯೆಲ್ಲ ಅಂಟುಕರೆ.

"ಯಾಕ್ ಸ್ವಾಮಿ, ಏನಾಗ್ಬೇಕಿತ್ತು?"

"ಏನಿಲ್ಲಪ್ಪ. ಸೀಟು ಚೆನ್ನಾಗಿದೆ. ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಎಣ್ಣೆ ಹಚ್ಚು."

ಅವನು ತಲೆಯಾಡಿಸಿ, ಅಕ್ಕಿಯ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿ, ಜೊತೆಯಲ್ಲಿದ್ದ ಹುಡುಗನನ್ನು ಎತ್ತಿ ಕ್ಯಾರಿಯರಿನ ಮೇಲೆ ಕೂರಿಸಿದನು. ಬೈಸಿಕಲ್ಲು ಹೊರಟಾಗ ಹುಡುಗನು ಸ್ಪ್ರಿಂಗುಗಳೆರಡನ್ನೂ ಭದ್ರವಾಗಿ ಹಿಡಿದುಕೊಂಡಿದ್ದನು.