ಪುನರ್ಪುಳಿಗೂ ಒಂದು ಗುಂಡಿ

ನಮ್ಮ ಗಿಡ ಯಾವುದು, ಹೊರಗಿನ ಗಿಡ ಯಾವುದು ಎಂಬ ಚರ್ಚೆಯನ್ನು ದರ್ಬೆಯಲ್ಲಿ ನಿಂತು ಮಾಡುವವರು ಸ್ವಲ್ಪ ದನಿ ತಗ್ಗಿಸಬೇಕು. 1986ರಲ್ಲಿ ಪುತ್ತೂರಿಗೆ ಬಂದ ಗೇರು ಸಂಶೋಧನಾ ಕೇಂದ್ರದ ಅಂಚೆ ವಿಳಾಸ ಇದೇ ದರ್ಬೆ. ಗೇರಾದರೋ ಬ್ರೆಜಿಲ್‌ನ ಮರ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಹಿತ್ತಿಲಿನ ಪಪ್ಪಾಯಿ, ಮರಗೆಣಸು, ಅನಾನಸು, ಸಾಂಬಾರಿನ ಒಣಮೆಣಸು ಎಲ್ಲವೂ ಅಮೆರಿಕ ಖಂಡದವು. ಅಲಸಂಡೆ ಆಫ್ರಿಕದ್ದು, ಜೀಗುಜ್ಜೆ ಪೆಸಿಫಿಕ್ ದ್ವೀಪಗಳದ್ದು. ಅಡಿಕೆಯ ಮೂಲವನ್ನೂ ಆಗ್ನೇಯ ಏಷ್ಯಾದ ಕಡೆಗೇ ತೋರಿಸುತ್ತಾರೆ. ಇದನ್ನು ಅಡಿಕೆ ಕೃಷಿಕರ ಜಗಲಿಯಲ್ಲಿ ಕುಳಿತು ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಹುಟ್ಟೂರು ಕೇಳುವುದನ್ನು ಬಿಟ್ಟು ಬೇರೇನು ಕೇಳಬೇಕು? ಇಲ್ಲಿ ಮೂರು ಸಾವಿರ ಮಿಲಿಮೀಟರು ದಾಟುವ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಆಮೇಲೆ ಮುರಕಲ್ಲಿನ ಗುಡ್ಡೆ ಕಾದು ಬಿರಿಯುತ್ತದೆ. ಆಟಿಯ ಮಳೆಯನ್ನೂ ಮಾರ್ಚಿನ ಬಿಸಿಲನ್ನೂ ಪಂಪು, ಔಷಧಿಗಳ ಹಂಗಿಲ್ಲದೆ ದಾಟಿದ ಗಿಡ ಈ ಮಣ್ಣಿನದೇ ಎನ್ನೋಣವೇ? ಗಾಂಧಾರಿ ಮೆಣಸು ಈ ಲೆಕ್ಕದಲ್ಲಿ ಪಾಸು. ಹಕ್ಕಿ ಬಿತ್ತುತ್ತದೆ, ನಾವು ಕೊಯ್ಯುತ್ತೇವೆ. ಆದರೆ ಕಮ್ಯುನಿಸ್ಟ್ ಸೊಪ್ಪೂ ಪಾಸಾಗುತ್ತದಲ್ಲ! ಅದು ಹಬ್ಬಿದಲ್ಲಿ ಬೇರೆ ಗಿಡ ತಲೆ ಎತ್ತುವುದು ಕಷ್ಟ. ಆದ್ದರಿಂದ ಇನ್ನೊಂದು ಪ್ರಶ್ನೆಯೂ ಬೇಕು: ಇದು ಪಕ್ಕದ ಗಿಡವನ್ನು ಬದುಕಲು ಬಿಡುತ್ತದೆಯೇ?

ಈ ಪ್ರಶ್ನೆಯನ್ನು ಗಿಡಕ್ಕಿಂತ ಮೊದಲು ಮನುಷ್ಯನಿಗೇ ಕೇಳಬೇಕೆನಿಸುತ್ತದೆ. ಹಿತ್ತಿಲಿನ ಒಂಟಿ ಗೇರುಮರ ಯಾರಿಗೂ ಕೆಡುಕು ಮಾಡಿದ್ದಿಲ್ಲ. ಗುಡ್ಡೆ ಗುಡ್ಡೆಯೇ ಗೇರಾದಾಗ ಟೀ ಸೊಳ್ಳೆಯ ಕಾಟ ದೊಡ್ಡದಾಯಿತು, ಅದನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕಾಸರಗೋಡಿನ ಹಳ್ಳಿಗಳೂ ನಮ್ಮ ಕೊಕ್ಕಡದ ಆಸುಪಾಸಿನ ಮನೆಗಳೂ ಅದರ ನೋವನ್ನು ಇನ್ನೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಅಲ್ಲಿ ತಪ್ಪು ಬ್ರೆಜಿಲ್‌ನದ್ದಲ್ಲ. ಒಂದೇ ಬೆಳೆಯನ್ನು ಕಣ್ಣು ಹಾಯುವಷ್ಟು ದೂರ ನೆಟ್ಟ ದುರಾಸೆಯದು.

ಈಗ ರಂಬುಟಾನ್, ಮ್ಯಾಂಗೊಸ್ಟೀನ್‌ಗಳ ಕಾಲ. ನನ್ನ ತಕರಾರೇನೂ ಇಲ್ಲ, ರುಚಿಯಾಗಿವೆ. ಆದರೆ ಮ್ಯಾಂಗೊಸ್ಟೀನ್ ನಮ್ಮ ಪುನರ್ಪುಳಿಯದೇ ಕುಲದ ಮರ. ಆ ದಾಯಾದಿಗೆ ದುಡ್ಡು ಕೊಟ್ಟು, ಹನಿ ನೀರಾವರಿ ಮಾಡಿ, ನೆರಳು ಕಟ್ಟಿ ಸಾಕುತ್ತೇವೆ. ಘಟ್ಟದ ತಪ್ಪಲಿನಲ್ಲೇ ಹುಟ್ಟಿದ ಪುನರ್ಪುಳಿ ಮಾತ್ರ ರಬ್ಬರಿಗೆ ಗುಡ್ಡೆ ಸಮ ಮಾಡುವಾಗ ಕಾಡುಮಾವಿನ ಜೊತೆ ಉರುಳುತ್ತದೆ. ಅದಕ್ಕೆ ಕೇಡು ತಂದದ್ದು ಹೊರಗಿನ ಗಿಡಗಳಲ್ಲ, ನಮ್ಮ ಅಸಡ್ಡೆ. ಕಾಡಿನಲ್ಲಿ ಹೇಗೂ ಇದೆಯಲ್ಲ, ನೆಡುವುದು ಯಾಕೆ ಎಂದುಕೊಂಡೆವು. ಹಣ್ಣಿನ ಶರಬತ್ತು, ಒಣಸಿಪ್ಪೆಯ ಸಾರು, ಒಡೆದ ಹಿಮ್ಮಡಿಗೆ ಬೀಜದ ತುಪ್ಪ, ಇಷ್ಟೆಲ್ಲ ಕೊಡುವ ಮರಕ್ಕೆ ಹಿತ್ತಿಲಿನಲ್ಲಿ ಒಂದು ಗುಂಡಿ ತೋಡಲಿಲ್ಲ.

ಈ ಮಳೆಗಾಲ ನರ್ಸರಿಗೆ ಹೋದರೆ ರಂಬುಟಾನಿನ ಜೊತೆಗೆ ಒಂದು ಪುನರ್ಪುಳಿಯನ್ನೂ ಕೇಳಿ ತನ್ನಿ. ಬೀಜದಿಂದ ಎದ್ದ ಸಸಿ ಬೇಡ. ಅವುಗಳಲ್ಲಿ ಸುಮಾರು ಅರ್ಧ ಗಂಡು ಮರಗಳಾಗುತ್ತವೆ, ಹಣ್ಣು ಬಿಡುವುದಿಲ್ಲ. ಕಸಿ ಗಿಡವೇ ಬೇಕು. ಅದೂ ನೇರ ಚಿಗುರಿನಿಂದ ಕಟ್ಟಿದ ಕಸಿಯಾಗಿರಲಿ. ಅಡ್ಡ ಕೊಂಬೆಯದಾದರೆ ಮರ ಮೇಲೇರದೆ ನೆಲದ ಮಟ್ಟದಲ್ಲೇ ಹರಡುತ್ತದೆ.