ಓದಿನ ಋಣ

ಬರೆಯುವವನಿಗೆ ಓದುವವನ ಮೇಲೆ ಏನಾದರೂ ಹಕ್ಕಿದೆಯೇ ಎಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಆಗಾಗ ಕೇಳಿಕೊಳ್ಳುವುದುಂಟು. ಚೆನ್ನಾಗಿ ಬರೆದರೆ ಓದುವರು, ಇಲ್ಲವಾದರೆ ಬಿಡುವರು, ಅದರಲ್ಲಿ ಹಕ್ಕಿನ ಮಾತೆಲ್ಲಿ ಬಂತು ಎಂದು ಹೇಳಿ ಆ ಪ್ರಶ್ನೆಯನ್ನು ಮುಗಿಸುವುದು ರೂಢಿ. ಆದರೆ ಬರಹಕ್ಕೂ ಓದುಗನಿಗೂ ನಡುವೆ ಮೂರನೆಯವನೊಬ್ಬ ನಿಂತಿದ್ದಾನೆಂಬುದನ್ನು ನಾವು ಮರೆಯುತ್ತೇವೆ. ಅವನು ಓದುವಂತೆ ಮಾಡಿಕೊಡುವವನು. ಅಕ್ಷರ ಕಲಿಸುವ ಮಾಸ್ತರ, ಮೊಳೆ ಜೋಡಿಸುವ ಮುದ್ರಕ, ಶಾಸನ ಓದಿಕೊಡುವ ಪಂಡಿತ, ಈಚೆಗೆ ಗಣಕಕ್ಕೆ ತಂತ್ರಾಂಶ ಬರೆಯುವ ತರುಣ, ಇವರೆಲ್ಲ ಆ ವರ್ಗದವರೇ. ಈ ಮೂರನೆಯವನು ಒಂದು ದಿನ ‘ಇನ್ನು ಮೇಲೆ ಇದನ್ನು ನಾನು ಓದಿಕೊಡಲಾರೆ’ ಎಂದು ಕೈ ತೊಳೆದುಕೊಂಡರೆ ಅದು ತಪ್ಪೇ? ತಪ್ಪಾದರೆ, ಯಾರ ವಿಷಯದಲ್ಲಿ ತಪ್ಪು?

ಈ ಜಿಜ್ಞಾಸೆಗೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಾಲ್ಕಾರು ಜನ ಗೆಳೆಯರೊಡನೆ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಒಂದು ‘ಲೈಬ್ರರಿ’ಯನ್ನು ನೋಡಿಕೊಳ್ಳುತ್ತಾನೆ. ವಾಚಕರು ಕಪಾಟು, ಧೂಳು, ಗ್ರಂಥಪಾಲಕ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ಬೇರೆಯವರ ತಂತ್ರಾಂಶಗಳು ಎರವಲು ಪಡೆದು ಬಳಸಿಕೊಳ್ಳುವ ಸಿದ್ಧ ಕೆಲಸಗಳ ಗಂಟಿಗೆ ಆ ಲೋಕದಲ್ಲಿ ಲೈಬ್ರರಿ ಎಂದು ಹೆಸರು. ತಂತ್ರಾಂಶ ಬರೆದವರು ಅದನ್ನು ಬಳಸುವ ಬಗೆಯನ್ನು ವಿವರಿಸಿ ಟಿಪ್ಪಣಿ ಬರೆದಿಡುತ್ತಾರೆ. ಆ ಟಿಪ್ಪಣಿಗೆ ಕೆಲವು ಸಂಕೇತಗಳುಂಟು: ಹೀಗೆ ಗುರುತು ಹಾಕಿದರೆ ಶೀರ್ಷಿಕೆ, ಹಾಗೆ ಹಾಕಿದರೆ ದಪ್ಪ ಅಕ್ಷರ, ಇತ್ಯಾದಿ. ಇಂಥ ಸಂಕೇತಪದ್ಧತಿಗಳು ಹಲವಿವೆ. 2004ರಲ್ಲಿ ಹುಟ್ಟಿದ ಮಾರ್ಕ್‌ಡೌನ್ ಎಂಬುದು ಈಗ ಹೆಚ್ಚಿನ ಕಡೆ ಗೆದ್ದಿದೆ. ಈ ಸಂಕೇತಗಳನ್ನು ಓದಿ ಅಂದವಾದ ಪುಟವನ್ನಾಗಿ ತೋರಿಸುವುದು ನನ್ನ ವಿದ್ಯಾರ್ಥಿಯ ಲೈಬ್ರರಿಯ ಕೆಲಸ. ಅದರೊಳಗಿಂದ ಒಂದು ಹಳೆಯ ಪದ್ಧತಿಯನ್ನು ಅವರು ತೆಗೆದುಹಾಕಿದರು. ಆ ಪದ್ಧತಿಯಲ್ಲಿ ಬರೆದ ಟಿಪ್ಪಣಿಗಳು ಅಳಿಸಿಹೋಗಲಿಲ್ಲ. ಆದರೆ ಪುಟವಾಗಿ ಕಾಣದೆ ಬರಿಯ ಗೀಟು ಚುಕ್ಕೆಗಳ ಗೊಂದಲವಾಗಿ ಕಾಣತೊಡಗಿದವು.

“ಸರ, ಅದನ್ನ ಬಳಸೋರು ಹತ್ತು ಮಂದಿ ಇರಲಿಲ್ಲರಿ. ಬರದಾಂವ ಬಿಟ್ಟು ಹೋಗ್ಯಾನ. ಹೊಸಾದು ಏನರ ಮಾಡೂಮುಂದ ಅದ ಅಡ್ಡ ಬರತಿತ್ತು. ತಗದ್ವಿ. ಈಗ ಒಬ್ಬಾಂವ ಬಯ್ಯಾಕ ಹತ್ಯಾನ. ಹಳಗನ್ನಡ ಹೇಳೋರು ನೀವು, ನೀವಽ ಹೇಳ್ರಿ, ತಪ್ಪೇನು?” ಎಂದು ಕೇಳಿದ.

ಹಳಗನ್ನಡ ಹೇಳುವವನಾದ್ದರಿಂದ ನನ್ನ ಮೊದಲ ಒಲವು ಬಯ್ಯುತ್ತಿದ್ದವನ ಕಡೆಗೇ ಇತ್ತು. ಆದರೆ ನ್ಯಾಯವಾಗಿ ನೋಡಬೇಕು. ಹಳೆಯದನ್ನು ಉಳಿಸಿಕೊಳ್ಳಿರೆಂದು ಕೂಗುವವನ ಹೆಗಲ ಮೇಲೆ ಭಾರವಿರುವುದಿಲ್ಲ. ಯಾವುದೋ ಕಾಲಕ್ಕೆ ಯಾರೋ ಕೊಟ್ಟ ಮಾತನ್ನು ಇಂದಿನವನು ತನ್ನ ನಿದ್ದೆಗೆಟ್ಟು ನಡೆಸುತ್ತಲೇ ಇರಬೇಕೆಂದು ಯಾವ ಧರ್ಮವೂ ವಿಧಿಸಲಾರದು. ಸರಿಯಾಗಿ ನೋಡಿಕೊಳ್ಳಲಾಗದುದನ್ನು ಹೆಸರಿಗೆ ಮಾತ್ರ ಇಟ್ಟುಕೊಳ್ಳುವುದೂ ಒಳ್ಳೆಯದಲ್ಲ. ತಪ್ಪಾಗಿ ಓದಿ ಹೇಳುವವನಿಗಿಂತ ನನಗೆ ಬಾರದು ಎನ್ನುವವನು ಮೇಲು. ಗೂಗಲಿನವರ ಕ್ರೋಮ್ ಎಂಬ ಜಾಲದರ್ಶಕ 2013ರಲ್ಲಿ ಗಣಿತದ ಸಮೀಕರಣಗಳನ್ನು ತೋರಿಸುವ ಮ್ಯಾಥ್‌ಎಂಎಲ್ ಪದ್ಧತಿಯನ್ನು ಸೇರಿಸಿಕೊಂಡು, ಸ್ವಲ್ಪ ದಿನಗಳಲ್ಲೇ ಅದರಿಂದ ಸುರಕ್ಷತೆಗೆ ಕುಂದೆಂದು ಕೈಬಿಟ್ಟಿತು. ಹತ್ತು ವರ್ಷ ಕಳೆದು 2023ರಲ್ಲಿ, ಬೇರೆಯವರು ದುಡಿದು ಹೊಸದಾಗಿ ಕಟ್ಟಿದ ಮೇಲೆ ಅದು ಮರಳಿ ಬಂತು. ಹೋದದ್ದು ಬರಲು ಸಾಧ್ಯವಾದುದಕ್ಕೆ ಕಾರಣವೊಂದಿದೆ. ಆ ಪದ್ಧತಿಯ ವ್ಯಾಕರಣ ಎಲ್ಲರಿಗೂ ತೆರೆದಿತ್ತು; ಬೇಕೆಂದವರು ಅದನ್ನು ಓದಿಕೊಂಡು ಹೊಸ ಓದುಗನನ್ನು ಕಟ್ಟಬಹುದಾಗಿತ್ತು.

ನಮ್ಮ ಕನ್ನಡದ ಮಟ್ಟಿಗೆ ಈ ಕಥೆ ಇನ್ನೂ ಹತ್ತಿರದ್ದು. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತಾದರೂ ಅದು ನಮ್ಮ ಮೇಜಿನ ಮೇಲೆ ಬಂದು ಕೂಡಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕಚೇರಿ, ಕಾಲೇಜು, ಮುದ್ರಣಾಲಯಗಳಲ್ಲೆಲ್ಲ ಕನ್ನಡ ಮೂಡಿತು. ಅವುಗಳ ಹಳೆಯ ಅಕ್ಷರಗಳ ಗುಟ್ಟೆಂದರೆ, ಕಾಣುವುದು ಕನ್ನಡ, ಒಳಗಿರುವುದು ರೋಮನ್. ಆ ಫಾಂಟು ಇಲ್ಲದ ಯಂತ್ರದಲ್ಲಿ ನುಡಿಯ ಹಳೆಯ ಕಡತವನ್ನು ತೆರೆದು ನೋಡಿ. ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಏಳು ಗುರುತುಗಳು ನಿಂತಿರುತ್ತವೆ: ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟುಳ್ಳ ಎ, ಆಂಗ್ಲರ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್ಸು, ಒಂದು ಕ್ಯೂ, ಕೊನೆಗೆ ಮತ್ತೊಂದು ಗೀಟಿನ ಎ. ನಮ್ಮ ನುಡಿಯ ಹೆಸರಿನ ನಟ್ಟನಡುವೆ ಪೌಂಡು ಕುಳಿತಿರುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು.

ಯುನಿಕೋಡಿಗೆ ಬಂದದ್ದು ಸರಿಯಾದುದೇ. ಹುಡುಕಲು ಬಾರದ, ವಿಂಗಡಿಸಲು ಬಾರದ, ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟದ ಅಕ್ಷರಗಳನ್ನು ಹಿಡಿದುಕೊಂಡು ಕೂಡಬೇಕೆಂದು ನಾನು ಹೇಳಲಾರೆ. ಹಳೆಯ ಅಕ್ಷರಗಳಿಂದ ಹೊಸದಕ್ಕೆ ಸಾಗಿಸುವ ಪರಿವರ್ತಕಗಳೂ ಇವೆ. ‘ಸಂಚಯ’ದಂತಹ ಸ್ವಯಂಸೇವಕರ ಬಳಗಗಳು ಅವನ್ನು ಉಚಿತವಾಗಿ ಒದಗಿಸಿವೆ. ಅವರ ಉಪಕಾರ ದೊಡ್ಡದು. ಆದರೆ ಪರಿವರ್ತಿಸಬೇಕಾದರೂ ಮೊದಲು ಕಡತ ತೆರೆಯಬೇಕಷ್ಟೆ! ಮುದ್ರಣಾಲಯಗಳಲ್ಲಿ ಎಷ್ಟೋ ಕನ್ನಡ ಪುಸ್ತಕಗಳ ಪುಟ ಕಟ್ಟಿದ್ದು ಪೇಜ್‌ಮೇಕರಿನಲ್ಲಿ. ಅದನ್ನು ಬೆಳೆಸುವುದನ್ನು ಅಡೋಬಿ ಕಂಪನಿ 2004ರಲ್ಲಿ ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ 2012ರ ಆವೃತ್ತಿಯ ತನಕ ಹಳೆಯ ಕಡತಗಳನ್ನು ತೆರೆದು ತೋರಿಸುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಸೌಲಭ್ಯವನ್ನು ತೆಗೆದರು. ಊರ ಜಾತ್ರೆಯ ಸ್ಮರಣಸಂಚಿಕೆ, ಮಠದ ವಚನಸಂಗ್ರಹ, ಸಾಲಿಯ ಬೆಳ್ಳಿಹಬ್ಬದ ಪುಸ್ತಕ, ಯಾರೋ ಹೆಣ್ಣುಮಗಳು ಕೂಡಿಸಿದ ಬೀಸುಕಲ್ಲಿನ ಹಾಡುಗಳು, ಇಂಥವನ್ನು ಐನೂರು ಪ್ರತಿ ಹಾಕಿಸಿ ಕಡತವನ್ನು ಸೀಡಿಯಲ್ಲಿ ಕಟ್ಟಿಟ್ಟವರು ಯಾರಿಗೂ ಏನನ್ನೂ ಕೇಳಿರಲಿಲ್ಲ. ಅವರನ್ನೂ ಯಾರೂ ಕೇಳಲಿಲ್ಲ.

ಇಲ್ಲಿ ನಾನು ನಮ್ಮೂರಿನ ಮಾತಿಗೆ ಬರಬೇಕು. ಏಕೆಂದರೆ ಓದುವವರನ್ನು ಕಳೆದುಕೊಂಡ ಬರಹ ಏನಾಗುತ್ತದೆಂಬುದನ್ನು ನಾನು ಗಣಕದಲ್ಲಿ ಕಲಿತವನಲ್ಲ, ದೊಡವಾಡದಲ್ಲಿ ಕಲಿತವನು. ಬೈಲಹೊಂಗಲ ಸೀಮೆಯ ಎರೆಭೂಮಿ ನಮ್ಮದು. ಜೋಳ, ಹತ್ತಿ, ಕಡಲೆಯ ಜೊತೆಗೆ ತಕರಾರುಗಳೂ ಅಲ್ಲಿ ಚೆನ್ನಾಗಿ ಬೆಳೆಯುತ್ತವೆ. ಹಳೆಯ ಮನೆಗಳ ಟ್ರಂಕುಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇಂದಿಗೂ ಸಿಗುತ್ತವೆ. ಲೇಖಣಿಯನ್ನು ಆದಷ್ಟು ಎತ್ತದೆ ಓಟದಲ್ಲಿ ಬರೆಯುವ ಮರಾಠಿಯ ಲಿಪಿ ಅದು. ಪೇಶವೆಯರ ಕಾಲದಿಂದ ದಫ್ತರಗಳಲ್ಲಿ ನಡೆದು ಬಂದದ್ದು, ಇಪ್ಪತ್ತನೆಯ ಶತಮಾನದಲ್ಲಿ ಬಳಕೆಯಿಂದ ಜಾರಿತು. ನೆರೆಮನೆಯ ಕಾಕಾ ಒಂದು ದಿನ ಅರಿವೆಯಲ್ಲಿ ಸುತ್ತಿದ ಕಾಗದ ತಂದರು.

“ತಮ್ಮಾ, ನೀ ಎಂ.ಎ. ಕಲ್ತಾಂವ. ಇದನ್ನಿಷ್ಟು ಓದಿ ಹೇಳು.”

“ಕಾಕಾ, ಇದು ಮೋಡಿ. ನನಗ ಬರೂದಿಲ್ಲ.”

“ಮತ್ತ ಎಂ.ಎ.ದಾಗ ಏನ ಕಲಿಸಿದ್ರು?”

ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಬಾವಿಯ ನೀರಿನ ಪಾಳಿಗಾಗಿ ವ್ಯಾಜ್ಯವಿತ್ತು. ಆ ಕಾಗದದಲ್ಲಿ ಪಾಳಿಯ ವಿಷಯ ಬರೆದಿದೆಯೆಂದು ಎರಡೂ ಮನೆಯವರು ನಂಬಿದ್ದರು; ತಮ್ಮ ಪರವಾಗಿಯೇ ಬರೆದಿದೆಯೆಂದೂ ಎರಡೂ ಮನೆಯವರು ನಂಬಿದ್ದರು! ಓದುವವರಿಲ್ಲದ ಆ ಕಾಗದ ಎರಡು ತಲೆಮಾರು ಎರಡೂ ಪಕ್ಷಕ್ಕೆ ಸಾಕ್ಷಿ ಹೇಳಿತು. ಕೊನೆಗೆ ಬೆಳಗಾವಿಯಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರು ಸಿಕ್ಕರು. ಓದಿ ನೋಡಿದರೆ ಅದು ಬಾವಿಯ ಕಾಗದವೇ ಅಲ್ಲ. ಯಾರಿಗೋ ಜೋಳ ಕಡ ಕೊಟ್ಟದ್ದರ ಚೀಟಿ. ಅಲ್ಲಿಗೆ ತಂಟೆ ಹರಿಯಬೇಕಿತ್ತು. ಹರಿಯಲಿಲ್ಲ. “ಓದಿದಾಂವ ತಪ್ಪ ಓದಿರಬೇಕು” ಎಂದರು. ಅವರನ್ನು ಹೇಗೆ ಅಲ್ಲಗಳೆಯುವುದು? ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಎರಡನೆಯ ಓದುಗ ಬೇಕಲ್ಲ. ಓದಬಲ್ಲವನು ಒಬ್ಬನೇ ಉಳಿದಾಗ ಅವನ ಮಾತು ಒಂದೋ ವೇದವಾಗುತ್ತದೆ, ಇಲ್ಲವೇ ಸುಳ್ಳಾಗುತ್ತದೆ. ಬರಹ ಮೂಕವಾಗುತ್ತದೆ ಎನ್ನುತ್ತಾರೆ. ಆದರೆ ಆಗುವುದು ಅದಕ್ಕಿಂತ ಕೆಟ್ಟದ್ದು. ಅದರ ಬಾಯಿ ಬೇರೆಯವರ ವಶವಾಗುತ್ತದೆ.

ಇದು ಒಂದು ಬಾವಿಯ ಮಾತಷ್ಟೇ ಅಲ್ಲ. 2023ರಲ್ಲಿ ಮಹಾರಾಷ್ಟ್ರ ಸರಕಾರ ಮರಾಠರಲ್ಲಿ ಕುಣಬಿಗಳೆಂಬ ದಾಖಲೆಯುಳ್ಳವರನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿದಾಗ, ಹಳೆಯ ದಫ್ತರಗಳನ್ನು ಓದಲು ಮೋಡಿ ಬಲ್ಲವರಿಗಾಗಿ ಹುಡುಕಾಟ ನಡೆಯಿತು. ಸತ್ತಿತೆಂದುಕೊಂಡ ಲಿಪಿಯಲ್ಲಿ ಬದುಕಿರುವವರ ಹಣೆಬರಹವಿತ್ತು.

ಹಾಗೆಂದು ಮೋಡಿ ದಫ್ತರದಲ್ಲಿ ಉಳಿಯಬೇಕಿತ್ತೆಂದು ಬೆಳಗಾವಿ ಸೀಮೆಯ ಕನ್ನಡಿಗನಾದ ನಾನು ಹೇಳುವೆನೇ? ಎಂದಿಗೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಡಿನ ರೈತ ತನ್ನ ಹೊಲದ ಕಾಗದವನ್ನು ತಾನು ಓದಲಾರದೆ ಕುಲಕರ್ಣಿಯ ಮುಖ ನೋಡುತ್ತಿದ್ದ. ವಾಲ್ಟರ್ ಎಲಿಯಟ್ ಧಾರವಾಡದಲ್ಲಿ ಕನ್ನಡ ಶಾಲೆಗಳಿಗಾಗಿ ವಾದಿಸಿದುದೂ, ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆಗಳನ್ನು ನಿಲ್ಲಿಸಿದುದೂ ಆ ಅನ್ಯಾಯವನ್ನು ಕಳೆಯಲಿಕ್ಕೇ. ಅವರು ಮಾಡಿದ್ದರಿಂದಲೇ ನಾನಿಂದು ಕನ್ನಡ ಬರೆಯುತ್ತಿದ್ದೇನೆ. ನನ್ನ ತಕರಾರು ಬೇರೆ. ಒಂದು ಲಿಪಿಯಲ್ಲಿ ಬರೆಯುವುದನ್ನು ನಿಲ್ಲಿಸುವುದು ಬೇರೆ. ಅದನ್ನು ಓದುವುದನ್ನು ನಿಲ್ಲಿಸುವುದು ಬೇರೆ. ಮೊದಲನೆಯದು ಮುಂದೆ ಬರೆಯುವವರಿಗೆ ಕೊಟ್ಟ ಅಪ್ಪಣೆ; ಅವರು ಕೇಳಿಸಿಕೊಂಡು ದಾರಿ ಬದಲಿಸಬಲ್ಲರು. ಎರಡನೆಯದು ಹಿಂದೆ ಬರೆದು ಮುಗಿಸಿದವರಿಗೆ ಕೊಟ್ಟ ಶಿಕ್ಷೆ. ಅವರು ಏನನ್ನೂ ಬದಲಿಸಲಾರರು. ಎರಡನ್ನೂ ಒಂದೇ ಹುಕುಮಿನಲ್ಲಿ ಮುಗಿಸುವ ಅವಸರ ನಮ್ಮನ್ನು ಬಿಟ್ಟಿಲ್ಲ. ಹೊಸದಕ್ಕೆ ಬಾಗಿಲು ತೆರೆದವನಿಗೆ ಹಳೆಯ ಬಾಗಿಲಿಗೆ ಕೀಲಿ ಹಾಕುವ ಅಧಿಕಾರವೂ ತಾನಾಗಿ ಬರುತ್ತದೆಂಬ ಭ್ರಮೆ ಎಲ್ಲಿಂದ ಬಂತೋ!

ಕೇಶಿರಾಜ ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮಮತಿಯಾಗಿದ್ದ. ಹದಿಮೂರನೆಯ ಶತಮಾನದಲ್ಲಿ ಅವನು ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ೞಕಾರ ಜನರ ಬಾಯಲ್ಲಿ ಕರಗುತ್ತಿತ್ತು. ಬಾೞ್ ಎಂಬುದು ಬಾಳ್ ಆಗಿ, ಕೋೞಿ ಕೋಳಿಯಾಗಿ, ಯಾವುದು ಯಾವ ಅಕ್ಷರದ್ದೆಂಬುದು ಮಸುಕಾಗಿತ್ತು. ಅವನು ೞಕಾರವುಳ್ಳ ಮಾತುಗಳನ್ನು ಕೂಡಿಸಿ ಪಟ್ಟಿ ಮಾಡಿಟ್ಟ. ಅದರಿಂದ ೞಕಾರವೇನೂ ಬದುಕಲಿಲ್ಲ. ಆದರೆ ಹಳೆಯ ಕಾವ್ಯಗಳನ್ನು ಓದುವ ದಾರಿ ಉಳಿಯಿತು. ಇಂದು ತರಗತಿಯಲ್ಲಿ ಪಂಪನನ್ನು ಓದುವಾಗ ನಾವು ನಡೆಯುವುದು ಆ ದಾರಿಯಲ್ಲೇ. ಯುನಿಕೋಡಿನವರೂ ಒಮ್ಮೆ ಒಳಗೆ ಬಿಟ್ಟುಕೊಂಡ ಅಕ್ಷರವನ್ನು ಮತ್ತೆ ಹೊರಗೆ ಹಾಕುವುದಿಲ್ಲವೆಂಬ ಕಟ್ಟಳೆ ಮಾಡಿಕೊಂಡಿದ್ದಾರೆ. ಆ ಕಟ್ಟಳೆ ಎಷ್ಟು ಬಿಗಿಯೆಂದರೆ, ನಮ್ಮ ೞಕಾರಕ್ಕೆ ಆರಂಭದಲ್ಲಿ ಪ್ರಮಾದದಿಂದ ‘ಫ’ ಎಂದು ಹೆಸರಿಟ್ಟದ್ದನ್ನು ಕೂಡ ಅಳಿಸದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿ ಸುಮ್ಮನಾಗಿದ್ದಾರೆ. 2014ರಲ್ಲಿ ಅವರು ಮೋಡಿಗೂ ಜಾಗ ಕೊಟ್ಟರು. ಯಂತ್ರಕ್ಕೆ ಮೋಡಿ ಬರುತ್ತದೆ; ನಮ್ಮ ಕಾಕಾನ ಮನೆಯವರಿಗೆ ಬರುವುದಿಲ್ಲ.

ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟು: ನೀವು ತೆಗೆದದ್ದು ತಪ್ಪಲ್ಲ, ಆದರೆ ತೆಗೆಯುವ ಮೊದಲು ಸಾಗಿಸುವ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದಿರಾ? ಹಳೆಯ ಆವೃತ್ತಿ ಬೇಕಾದವರಿಗೆ ಸಿಗುವಂತಿದೆಯೇ? ಆ ಪದ್ಧತಿಯ ವ್ಯಾಕರಣವನ್ನು ಎಲ್ಲಾದರೂ ಬರೆದಿಟ್ಟಿರಾ? ಮೊದಲಿನೆರಡಕ್ಕೆ ಹೌದೆಂದ. ಮೂರನೆಯದು ಯಾರಿಗೂ ಹೊಳೆದಿರಲಿಲ್ಲವಂತೆ. “ಆರು ತಿಂಗಳ ಮೊದಲ ನೋಟೀಸು ಹಾಕಿದ್ವಿ, ಒಬ್ಬರೂ ಮಾತಾಡಲಿಲ್ಲರಿ” ಎಂದ. ನೋಟೀಸು ಒಳ್ಳೆಯದೇ. ಆದರೆ ಬರೆದವನು ಸತ್ತಿರಬಹುದು, ಕೆಲಸ ಬಿಟ್ಟಿರಬಹುದು. ಆ ಬರಹ ತಮ್ಮ ಪಾಲಿಗೆ ಬಂದಿದೆಯೆಂಬುದೇ ವಾರಸುದಾರರಿಗೆ ತಿಳಿಯದಿರಬಹುದು. ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಹಳೆಯ ದಫ್ತರದವರ ಚಾಳಿ. ಬಳಸುವವರು ಹತ್ತು ಮಂದಿಯಿಲ್ಲ ಎಂಬ ಲೆಕ್ಕದಲ್ಲೂ ಅದೇ ಕೊರತೆ: ಅದರಲ್ಲಿ ಬರೆಯುತ್ತಿರುವವರನ್ನು ಎಣಿಸಿದ್ದಾರೆ, ಎಂದಾದರೂ ಓದಬೇಕಾಗಿ ಬರುವವರನ್ನು ಎಣಿಸಿಲ್ಲ. ಅವರನ್ನು ಎಣಿಸುವುದಾದರೂ ಹೇಗೆ ಎಂದರೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ಕಡೆಯ ಒಂದು ಮುದ್ರಣಾಲಯದಲ್ಲಿ, ಹೊಸ ಯಂತ್ರಗಳ ನಡುವೆ, ಹೊಟ್ಟೆ ದಪ್ಪನೆಯ ತೆರೆಯುಳ್ಳ ಹಳೆಯ ಕಂಪ್ಯೂಟರೊಂದನ್ನು ಅರಿವೆ ಹೊದಿಸಿ ಇಟ್ಟಿದ್ದಾರೆ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಕಂಪನಿಯ ಆಸರೆ 2014ರಲ್ಲೇ ನಿಂತಿದೆ. ಪೇಜ್‌ಮೇಕರ್ ಇನ್ನೂ ಅದರಲ್ಲಿ ನಡೆಯುತ್ತದೆ. ಹಳೆಯ ಪುಸ್ತಕದ ಮರುಮುದ್ರಣಕ್ಕೆಂದು ಯಾರಾದರೂ ಸೀಡಿ ಹಿಡಿದು ಬಂದರೆ ಅರಿವೆ ಸರಿಸಿ ಅದನ್ನು ಚಾಲೂ ಮಾಡುತ್ತಾರೆ; ಎಬ್ಬಿಸಲು ಹತ್ತು ನಿಮಿಷ ಬೇಕು. “ಇದು ಕೆಟ್ಟರ ಏನ ಮಾಡ್ತೀರಿ?” ಎಂದು ಕೇಳಿದೆ. ಅಲ್ಲಿ ಕೆಲಸ ಮಾಡುವ ಹುಡುಗ ಪಕ್ಕದ ಕಪಾಟು ತೆಗೆದು ತೋರಿಸಿದ. ಅಂಥದೇ ಇನ್ನೊಂದು ಯಂತ್ರದ ಬಿಡಿಭಾಗಗಳನ್ನು, ಗುಜರಿಯಿಂದ ತಂದು, ಹಳೆಯ ಪಂಚಾಂಗದ ಹಾಳೆಗಳಲ್ಲಿ ಸುತ್ತಿ ಇಟ್ಟಿದ್ದ.