ಹೆಸರು ಬದಲಾದ ಮೇಲೆ

ಯೋಚಿಸಿ ಮಾಡಿದ ಕೆಲಸವನ್ನು ಹತ್ತು ಜನ ಬೇಡವೆಂದ ಮಾತ್ರಕ್ಕೆ ಬದಲಿಸಬೇಕೆ? ಬದಲಿಸಿದರೆ ಅದು ಸೋಲೋ, ದೊಡ್ಡತನವೋ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಒಂದು ಕಂಪ್ಯೂಟರ್ ಆಟದಿಂದ ಎಂದರೆ ನೀವು ನಗಬಹುದು.

ನನ್ನ ತಂಗಿಯ ಮಗ ಆಡುವ ಆ ಆಟದ ಹೆಸರು ‘ಸಿವಿಲೈಸೇಶನ್’. ಅಮೆರಿಕದ ಸಿಡ್ ಮೇಯರ್ ಹೆಸರಿನೊಂದಿಗೆ ಅದು ಮೊದಲು ಬಂದದ್ದು 1991ರಲ್ಲಿ. ಒಂದು ಜನಾಂಗವನ್ನು ಆರಿಸಿಕೊಳ್ಳಬೇಕು; ಊರು ಕಟ್ಟಿ, ಹೊಲ ಮಾಡಿ, ನೆರೆಯವರೊಡನೆ ಯುದ್ಧವೋ ಸಂಧಿಯೋ ಮಾಡುತ್ತ, ಕ್ರಿ.ಪೂ. 4000ದಿಂದ ಬಾಹ್ಯಾಕಾಶದ ಕಾಲದವರೆಗೆ ನಡೆಸಬೇಕು. ಹಿಡಿದ ಜನಾಂಗವನ್ನು ಕೊನೆತನಕ ಕೈಬಿಡದಿರುವುದೇ ಅದರ ಸೊಗಸು.

2025ರ ಫೆಬ್ರವರಿಯಲ್ಲಿ ಬಂದ ಏಳನೆಯ ಆಟದಲ್ಲಿ ಫಿರಾಕ್ಸಿಸ್ ಸಂಸ್ಥೆ ಈ ಕಟ್ಟಳೆಯನ್ನೇ ಮುರಿಯಿತು. ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಯುಗಗಳು. ಯುಗ ಮುಗಿದಾಗ ನಾಯಕ ಉಳಿಯುತ್ತಿದ್ದ, ಜನಾಂಗ ಬದಲಾಗಲೇಬೇಕಿತ್ತು. ಈಜಿಪ್ಟಿನವರು ಸಾಕಷ್ಟು ಕುದುರೆ ಕೂಡಿಸಿದರೆ ಮಂಗೋಲರಾಗಬಹುದು! ಭಾರತಕ್ಕಾದರೆ ಮೌರ್ಯ, ಆಮೇಲೆ ಚೋಳ, ಆಮೇಲೆ ಮೊಗಲ. ಬೇಕಿದ್ದರೆ ಮೂರಕ್ಕೂ ಅಶೋಕನೇ ದೊರೆ. ಇಪ್ಪತ್ತೆಂಟು ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ನಗು ತಡೆಯಲಾಗಲಿಲ್ಲ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಆದರೂ ಮಾಡಿದವರ ಕಾರಣಗಳು ಸುಳ್ಳಲ್ಲ. ಒಮ್ಮೆ ಮುಂದೆ ಹೋದವನು ಮುಂದೆಯೇ ಇರುತ್ತಾನೆ. ಗೆಲುವು ಮೊದಲೇ ಗೊತ್ತಾದ ಆಟವನ್ನು ಎಷ್ಟೋ ಜನ ಅರ್ಧಕ್ಕೇ ಬಿಡುತ್ತಿದ್ದರು. ಇತಿಹಾಸವೂ ಪದರ ಪದರವಾಗಿಯೇ ಬೆಳೆಯುತ್ತದೆ. ರೋಮನ್ನರು ಕಟ್ಟಿದ ಲಂಡನ್ನಿಗೆ ಆಮೇಲೆ ನಾರ್ಮನ್ನರು ಬಂದರಲ್ಲ! ಪಾಠದ ಲೆಕ್ಕದಲ್ಲಿ ನಾನು ಅವರ ಪಕ್ಷವೇ.

ಆಡುವವರು ಮಾತ್ರ ಸಿಟ್ಟಾದರು. ಹಲವರು 2016ರ ಆರನೆಯ ಆಟಕ್ಕೇ ಮರಳಿದರು. “ಊರುಗಳೆಲ್ಲ ನಾನು ಕಟ್ಟಿದ್ದೇ ದೊಡ್ಡಮ್ಮ, ಆದರೆ ಈಗ ನಾನು ಯಾರು ಅಂತಲೇ ಗೊತ್ತಾಗಲ್ಲ” ಎಂದ ನಮ್ಮ ಹುಡುಗ.

ಆ ಮಾತು ನನ್ನನ್ನು ಎಲ್ಲಿಗೋ ಒಯ್ದಿತು. ನಮ್ಮ ಅಮ್ಮನ ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ, ಅದರಲ್ಲಿ ಹೊಸ ಹೆಸರು ಬರೆಸಿದರಂತೆ. ಹುಟ್ಟಿದಾಗಿಟ್ಟ ನದಿಯ ಹೆಸರು ಹೋಗಿ ದೇವಿಯ ಹೆಸರು ಬಂತು. ಹದಿನೇಳು ವರ್ಷ ಆ ಹೆಸರಿನಲ್ಲಿ ಓಡಾಡಿದವಳನ್ನು ಯಾರೂ ಕೇಳಲಿಲ್ಲ. ಅತ್ತೆಯ ಮನೆಯವರದು ಕೆಟ್ಟ ಉದ್ದೇಶವೇನಲ್ಲ. ಹೊಸ ಮನೆ, ಹೊಸ ಬಾಳು, ಹೊಸ ಹೆಸರು ಎಂಬ ಒಳ್ಳೆಯ ಕಾರಣವೇ ಇತ್ತು. ಅಮ್ಮ ಆ ಹೆಸರಿನಲ್ಲೇ ಸಂಸಾರ ಮಾಡಿದಳು, ರೇಷನ್ ಕಾರ್ಡಿಗೆ ಸಹಿ ಹಾಕಿದಳು. ತವರಿನಿಂದ ಯಾರಾದರೂ ಬಂದು ಹಳೆಯ ಹೆಸರು ಹಿಡಿದು ಕೂಗಿದರೆ ಮಾತ್ರ ಒಲೆಯ ಮುಂದಿನಿಂದ ಎದ್ದು ಬರುವ ಅವಳ ನಡಿಗೆಯೇ ಬೇರೆ.

ಆಟಗಾರರ ಗಲಾಟೆಯನ್ನು ನಾನು ಇಲ್ಲಿಟ್ಟು ನೋಡುತ್ತೇನೆ. ಪರೀಕ್ಷೆ ಬೇಡವೆಂದು ಇಡೀ ತರಗತಿ ಕೂಗಿದರೂ ನಾನು ಪರೀಕ್ಷೆ ನಿಲ್ಲಿಸುವುದಿಲ್ಲ. ಸದ್ದಿನ ಜೋರು ನೋಡಿ ಬಗ್ಗುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಇಲ್ಲಿ ಕೇಳಿದ್ದು ಸುಲಭದ ಗೆಲುವನ್ನಲ್ಲ. ತಾವು ಗಂಟೆಗಟ್ಟಲೆ ಕೂತು ಬೆಳೆಸಿದ್ದಕ್ಕೆ ತಮ್ಮ ಹೆಸರೇ ಉಳಿಯಲಿ ಎಂದು.

ಫಿರಾಕ್ಸಿಸ್‌ನವರು 2025ರಲ್ಲೇ ಒಂದೊಂದಾಗಿ ತಿದ್ದತೊಡಗಿದರು. ಯುಗ ಬದಲಾದಾಗ ಸೈನ್ಯ ಇದ್ದಲ್ಲೇ ಇರುವಂತೆ ಆರಿಸಿಕೊಳ್ಳಲು ಮೊದಲು ಅವಕಾಶ ಕೊಟ್ಟರು. ನವೆಂಬರ್‌ನಲ್ಲಿ, ಒಂದೇ ಜನಾಂಗವನ್ನು ಎಲ್ಲ ಯುಗಗಳಲ್ಲೂ ನಡೆಸುವ ದಾರಿಯನ್ನು ರೂಪಿಸುತ್ತಿದ್ದೇವೆ ಎಂದರು. ಮಾರಾಟದ ಚಿಂತೆಯೂ ಇದ್ದೀತು. ವ್ಯಾಪಾರಸ್ಥರ ಕಿವಿಗೆ ದಾರಿ ಗಲ್ಲಾಪೆಟ್ಟಿಗೆಯ ಮೂಲಕವೇ ಅಲ್ಲವೆ! ಇರಲಿ, ಇದನ್ನು ನಾನು ಸೋಲೆನ್ನಲಾರೆ. ಒಳ್ಳೆಯ ಕಾರಣವಿದ್ದರೂ ಕೇಳದೆ ಹೇರಿದ್ದನ್ನು, ಬೇಕಾದವರು ಆರಿಸಿಕೊಳ್ಳುವಂತೆ ಮಾಡಲು ಹೊರಟರು.

“ಮೌರ್ಯರನ್ನೇ ಹಿಡಿದು ಮೂರನೆಯ ಯುಗಕ್ಕೆ ಹೋದರೆ, ಆ ಯುಗಕ್ಕೆಂದೇ ಮಾಡಿದ ಜನಾಂಗಗಳ ಮುಂದೆ ಬಲ ಸಾಲುತ್ತದೇನೋ?” ಎಂದು ಹುಡುಗನನ್ನು ಕೇಳಿದೆ. “ಸೋತರೂ ಮೌರ್ಯನಾಗಿಯೇ ಸೋಲ್ತೀನಿ ಬಿಡಿ ದೊಡ್ಡಮ್ಮ” ಎಂದ.